ಅರ್ಧ ವಿರಾಮದ ಮೇಷ್ಟ್ರು

ಭಾರತದ ಫುಟ್ಬಾಲ್ ತಂಡ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದಿರುವುದು ಎರಡೇ ಎರಡು ಸಲ. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ. ಹನ್ನೊಂದು ವರ್ಷಗಳಲ್ಲಿ ಆಟಗಾರರು ಬದಲಾಗಿದ್ದರು. ತರಬೇತುದಾರರು ಮಾತ್ರ ಒಬ್ಬರೇ: ಹೈದರಾಬಾದಿನ ಶಾಲಾ ಶಿಕ್ಷಕ ಸೈಯದ್ ಅಬ್ದುಲ್ ರಹೀಂ. ಬಲ್ಲವರು ಅವರನ್ನು ರಹೀಂ ಸಾಹೇಬರೆಂದೇ ಕರೆಯುತ್ತಿದ್ದರು. 2024ರಲ್ಲಿ ಅವರ ಜೀವನವನ್ನು ಆಧರಿಸಿ ಮೈದಾನ್ ಎಂಬ ಹಿಂದಿ ಚಲನಚಿತ್ರ ಬಂದ ಮೇಲೆ ನಮ್ಮ ಯುವಜನರಲ್ಲಿ ಕೆಲವರಿಗೆ ಆ ಹೆಸರು ಪರಿಚಯವಾಗಿದೆ. ಚಿತ್ರ ನೋಡದವರೂ, ಫುಟ್ಬಾಲ್ ಆಟದ ಗಂಧವೇ ಇಲ್ಲದ ತಾಯಂದಿರೂ ಈ ಜೀವನವನ್ನು ತಿಳಿಯಬೇಕೆಂಬುದು ನನ್ನ ಆಸೆ. ಸೋಲುತ್ತಿರುವವರನ್ನು ನಡುದಾರಿಯಲ್ಲಿ ತಿದ್ದುವುದು ಹೇಗೆ ಎಂಬ ಪ್ರಶ್ನೆ ಅವರ ಮನೆಯಲ್ಲೂ ಇದ್ದೇ ಇರುತ್ತದೆ.

ಕುಟುಂಬ ಮತ್ತು ವಿಶ್ವಾಸದ ಈ ಪುಟದಲ್ಲಿ ಮುಸಲ್ಮಾನ ಮೇಷ್ಟ್ರೊಬ್ಬರ ಜೀವನವೇಕೆ ಎಂದು ಯಾರಾದರೂ ಕೇಳಬಹುದು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಘೋಷಣೆಯಲ್ಲಿ ಮುಸಲ್ಮಾನ ಬಂಧುಗಳನ್ನು ಧರ್ಮಸಭೆಯು ಗೌರವದಿಂದ ಕಾಣುತ್ತದೆಂದು ಸಾರಿದೆ. ಗೌರವಿಸಬೇಕಾದರೆ ಮೊದಲು ಪರಿಚಯ ಬೇಕು. ಅದೂ ಅಲ್ಲದೆ ರಹೀಂ ಸಾಹೇಬರ ತಂಡಗಳಲ್ಲಿ ನಮ್ಮವರೂ ಇದ್ದರು. ಅವರ ವಿಷಯ ಮುಂದೆ ಬರುತ್ತದೆ.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನ. ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ ಅದೇ ಸಂಸ್ಥಾನಕ್ಕೆ ಸೇರಿದ್ದವು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಾ ಅಲ್ಲಿನ ತಂಡಕ್ಕೆ ಫುಟ್ಬಾಲ್ ಆಡಿದರು. ಬಳಿಕ ಹೈದರಾಬಾದಿನ ಶಾಲೆಗಳಲ್ಲಿ ಶಿಕ್ಷಕರಾದರು, ದೈಹಿಕ ಶಿಕ್ಷಣದ ತರಬೇತಿಯನ್ನೂ ಪಡೆದರು. 1943ರಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಸಾಯುವವರೆಗೂ ಆ ಹೊಣೆಯನ್ನು ಬಿಡಲಿಲ್ಲ. 1950ರಲ್ಲಿ ಹೈದರಾಬಾದ್ ನಗರ ಪೊಲೀಸ್ ತಂಡದ ತರಬೇತಿ ಅವರ ಕೈಗೆ ಬಂತು. ಆ ವರ್ಷದಿಂದ 1954ರವರೆಗೆ ಸತತ ಐದು ವರ್ಷ ಆ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಸಂತೋಷ್ ಟ್ರೋಫಿಯನ್ನೂ ಹೈದರಾಬಾದ್ 1956-57 ಮತ್ತು 1957-58ರಲ್ಲಿ ಎರಡು ಸಲ ತನ್ನದಾಗಿಸಿಕೊಂಡಿತು. ಪದಕ, ಕಪ್ಪುಗಳ ಪಟ್ಟಿ ಸಾಕು. ನನಗೆ ಹೆಚ್ಚು ಮುಖ್ಯವೆನಿಸುವುದು ಅವರು ಮಕ್ಕಳಿಗಾಗಿ ನಡೆಸುತ್ತಿದ್ದ ವಿಚಿತ್ರ ಪಂದ್ಯಾವಳಿಗಳು.

ಒಂದು ಪಂದ್ಯಾವಳಿಯಲ್ಲಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರನ್ನೂ ದಾಟಿಸಿಕೊಂಡು ಓಡುವಂತಿಲ್ಲ. ಬಂದ ಚೆಂಡನ್ನು ಕೂಡಲೇ ಜೊತೆಯವನಿಗೆ ಕೊಡಬೇಕು. ಇನ್ನೊಂದರಲ್ಲಿ ಹುಡುಗರು ತಮಗೆ ಸಲೀಸಲ್ಲದ ಕಾಲಿನಲ್ಲೇ ಆಡಬೇಕು. ಬಲಗಾಲಿನವನು ಎಡಗಾಲಿನಲ್ಲಿ, ಎಡಗಾಲಿನವನು ಬಲಗಾಲಿನಲ್ಲಿ. ನೋಡಿದವರು ನಕ್ಕಿರಲೂಬಹುದು. ಆದರೆ ಮೇಷ್ಟ್ರ ಲೆಕ್ಕ ಸರಿಯಾಗಿತ್ತು. ಬಲಕ್ಕೆ ಮಾತ್ರ ಒದೆಯಬಲ್ಲವನನ್ನು ಪಂದ್ಯದ ನಡುವೆ ಎಡಕ್ಕೆ ಕಳುಹಿಸುವುದು ಹೇಗೆ? ತನಗಾಗಿ ಮಾತ್ರ ಆಡುವವನಿಗೆ ಸ್ವಲ್ಪ ಹಿಂದೆ ಸರಿದು ಇನ್ನೊಬ್ಬನಿಗೆ ಚೆಂಡು ಒದಗಿಸು ಎಂದರೆ ಕೇಳುತ್ತಾನೆಯೇ? ವಿರಾಮದಲ್ಲಿ ಒಂದು ಮಾತು ಹೇಳಿದರೆ ನಾಟಬೇಕಾದರೆ ಅದಕ್ಕೆ ಮೊದಲು ಹಲವು ವರ್ಷಗಳ ಉಳುಮೆ ಆಗಿರಬೇಕು.

ಆ ವಿರಾಮದ ಬಗ್ಗೆ ಕೊಂಚ ವಿವರ ಹೇಳಲೇಬೇಕು. ಫುಟ್ಬಾಲ್ ಪಂದ್ಯ ಎರಡು ಭಾಗಗಳಲ್ಲಿ ನಡೆಯುತ್ತದೆ. ನಡುವಿನದು ಹಾಫ್ ಟೈಮ್, ಅರ್ಧ ವಿರಾಮ. ಇಂದು ಅದು ಹದಿನೈದು ನಿಮಿಷ. ರಹೀಂ ಸಾಹೇಬರ ಕಾಲದ ನಿಯಮಪುಸ್ತಕದಲ್ಲಿ ಅದು ಐದು ನಿಮಿಷ ಮೀರಕೂಡದು, ಮೀರಬೇಕಾದರೆ ರೆಫರಿಯ ಒಪ್ಪಿಗೆ ಬೇಕು ಎಂದಿತ್ತು. ಆಟ ನಡೆಯುವಾಗ ತರಬೇತುದಾರ ಗೆರೆಯಾಚೆ ನಿಂತು ಕೂಗಿ ಹೇಳುವುದಕ್ಕೂ ಅಂದಿನ ನಿಯಮ ಅವಕಾಶ ಕೊಡುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟು ಬೇರೊಂದಿತ್ತು. ಇಂದಿನ ಹಾಗೆ ದಣಿದವನನ್ನು ಹೊರಗೆ ಕರೆದು ಬದಲಿ ಆಟಗಾರನನ್ನು ಒಳಗೆ ಕಳುಹಿಸುವಂತಿರಲಿಲ್ಲ. ವಿಶ್ವಕಪ್ ಪಂದ್ಯಗಳಲ್ಲಿ ಬದಲಿ ಆಟಗಾರರು ಕಾಣಿಸಿಕೊಂಡದ್ದೇ 1970ರಲ್ಲಿ. ಅದಕ್ಕೆ ಮುಂಚೆ ಹನ್ನೊಂದು ಜನ ಇಳಿದರೆ ಕೊನೆಯವರೆಗೂ ಆ ಹನ್ನೊಂದೇ ಜನ. ಒಬ್ಬನ ಕಾಲು ಉಳುಕಿದರೆ ಅವನು ಕುಂಟುತ್ತಲೇ ಆಡಬೇಕು, ಇಲ್ಲವೇ ತಂಡ ಹತ್ತು ಜನರಲ್ಲಿ ಆಡಬೇಕು.

ಹಾಗಾದರೆ ಐದು ನಿಮಿಷದಲ್ಲಿ ತರಬೇತುದಾರನಿಗೆ ಏನು ಸಾಧ್ಯ? ಜನರನ್ನು ಬದಲಿಸಲಾರ, ಅವರ ಜಾಗವನ್ನು ಬದಲಿಸಬಲ್ಲ. ಎದುರಾಳಿಗಳ ದಾಳಿ ಯಾವ ಕಡೆಯಿಂದ ಬರುತ್ತಿದೆ, ನಮ್ಮ ರಕ್ಷಕರಲ್ಲಿ ಯಾರು ಆಮಿಷಕ್ಕೆ ಬಿದ್ದು ಜಾಗ ಬಿಟ್ಟು ಓಡುತ್ತಿದ್ದಾರೆ, ಯಾರ ಉಸಿರು ಕಟ್ಟಿದೆ, ಯಾರ ಕಣ್ಣಲ್ಲಿ ಇನ್ನೂ ಕಸುವಿದೆ, ಗಾಳಿ ಎತ್ತ ಬೀಸುತ್ತಿದೆ, ಇವನ್ನೆಲ್ಲ ಮೊದಲರ್ಧದಲ್ಲೇ ನೋಡಿಟ್ಟುಕೊಂಡಿರಬೇಕು. ಅರ್ಧದ ನಂತರ ಎರಡೂ ತಂಡಗಳು ತುದಿ ಬದಲಿಸುತ್ತವೆ. ಇಲ್ಲಿಯವರೆಗೆ ಬೆನ್ನಿಗಿದ್ದ ಬಿಸಿಲು ಮುಖಕ್ಕೆ ಬರುತ್ತದೆ. ಮುಂದಿನ ಸಾಲಿನ ಒಬ್ಬನನ್ನು ನಡುವಿಗೆ ಎಳೆದುಕೊಳ್ಳುವುದು, ಬಲಬದಿಯವನನ್ನು ಎಡಕ್ಕೆ ಹಾಕುವುದು, ಎದುರಾಳಿಯ ಚುರುಕಾದ ಆಟಗಾರನ ಬೆನ್ನಿಗೆ ನಮ್ಮ ಒಬ್ಬನನ್ನು ನೆರಳಿನಂತೆ ಅಂಟಿಸುವುದು, ಎತ್ತರದ ಹೊಡೆತ ಬಿಟ್ಟು ನೆಲದ ಮೇಲೆ ಸಣ್ಣ ಸಣ್ಣ ಪಾಸುಗಳಲ್ಲಿ ಆಡಿಸುವುದು: ಅವನ ಚೀಲದಲ್ಲಿರುವುದು ಇಷ್ಟೇ. ಇದರಲ್ಲೂ ಒಂದೋ ಎರಡೋ ವಿಷಯ ಮಾತ್ರ ಹೇಳಬೇಕು. ಏದುಸಿರು ಬಿಡುತ್ತಿರುವ ಹುಡುಗನ ತಲೆಗೆ ಹತ್ತು ಮಾತು ಇಳಿಯುವುದಿಲ್ಲ.

ನಮ್ಮ ಬಂಡೂರಿನ ಓದುಗರಿಗೆ ಕಬಡ್ಡಿಯ ಉದಾಹರಣೆ ಇನ್ನೂ ಹತ್ತಿರವಾಗಬಹುದು. ಇಪ್ಪತ್ತು ನಿಮಿಷದ ಆಟ, ಐದು ನಿಮಿಷದ ವಿರಾಮ, ಅಂಕಣ ಬದಲು, ಮತ್ತೆ ಇಪ್ಪತ್ತು ನಿಮಿಷ. ಮಳವಳ್ಳಿ, ಮದ್ದೂರಿನ ಕಡೆ ರಾತ್ರಿ ದೀಪ ಹಾಕಿ ನಡೆಸುವ ಪಂದ್ಯಗಳಲ್ಲಿ ಆ ಐದು ನಿಮಿಷವನ್ನು ಗಮನಿಸಿ ನೋಡಿ. ಒಂದು ತಂಡ ಯಾರಿಂದ ಅಂಕ ಹೋಯಿತೆಂದು ಜಗಳವಾಡುತ್ತಿರುತ್ತದೆ. ಇನ್ನೊಂದು ತಂಡದಲ್ಲಿ ಯಾರೋ ಹಿರಿಯರೊಬ್ಬರು ಮೂಲೆಯಲ್ಲಿ ನಿಂತವನನ್ನು ಒಂದು ಹೆಜ್ಜೆ ಒಳಕ್ಕೆ ನಿಲ್ಲಲು ಹೇಳಿ ನೀರು ಕೊಡುತ್ತಿರುತ್ತಾರೆ. ಕುರಿ ಕಾಯುವವರಿಗಂತೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಂಡೂರು ಕುರಿಗೆ ಹೆಸರಾದ ಊರು. ನಡುಹಗಲಿನಲ್ಲಿ ಮಂದೆಯನ್ನು ಮರದ ನೆರಳಿಗೆ ತಂದು ನಿಲ್ಲಿಸಿದಾಗ ಯಾವುದು ಕುಂಟುತ್ತಿದೆ, ಯಾವ ಮರಿ ತಾಯಿಯಿಂದ ದೂರವಾಗಿದೆ ಎಂದು ನೋಡಿ, ಮಧ್ಯಾಹ್ನದ ಮೇಯಿಸುವ ದಿಕ್ಕನ್ನು ಕುರುಬರು ತೀರ್ಮಾನಿಸುತ್ತಾರೆ. ಕುಂಟುವ ಕುರಿಯನ್ನು ಅಲ್ಲೇ ಬಿಟ್ಟು ಹೋಗುವ ಕುರುಬನನ್ನು ನಾನು ಕಂಡಿಲ್ಲ.

ಈಗ ರಹೀಂ ಸಾಹೇಬರ ಕಥೆಗೆ ಬರೋಣ. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯಾ ಕ್ರೀಡಾಕೂಟದ ಫೈನಲ್‌ನಲ್ಲಿ ಭಾರತ ಇರಾನನ್ನು 1-0ರಿಂದ ಸೋಲಿಸಿತು. ದೇಶವೆಲ್ಲ ಹಿಗ್ಗಿತು. ಮರುವರ್ಷವೇ ಆ ಹಿಗ್ಗು ಇಳಿಯಿತು. 1952ರ ಜುಲೈ 15ರಂದು ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಸೋಲಿಸಿತು. ಆ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ್ದರು. ಊರಿನ ಒಣನೆಲದಲ್ಲಿ ಬರಿಗಾಲು ಚೆಂಡಿನ ಮೇಲೆ ಹಿಡಿತ ಕೊಡುತ್ತದೆ. ಉತ್ತರ ಯುರೋಪಿನ ತಣ್ಣನೆಯ ಹಸಿ ಹುಲ್ಲಿನ ಮೇಲೆ ಜಾರಿಸುತ್ತದೆ. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು.

ಹತ್ತು ಗೋಲು ತಿಂದ ತಂಡದ ತರಬೇತುದಾರನಿಗೆ ಊರಿಗೆ ಮರಳಿ ಮುಖ ತೋರಿಸುವುದೇ ಕಷ್ಟ. ರಹೀಂ ಮರಳಿದ್ದು ತಮ್ಮ ಹುಡುಗರ ನಡುವಿಗೆ. ಮುಂದಿನ ನಾಲ್ಕು ವರ್ಷಗಳನ್ನು ನಾನು ಒಂದು ದೀರ್ಘ ಅರ್ಧ ವಿರಾಮವೆಂದೇ ಭಾವಿಸುತ್ತೇನೆ. ಆ ಅವಧಿಯಲ್ಲಿ ಜಗತ್ತಿನ ಫುಟ್ಬಾಲೂ ಬದಲಾಯಿತು. 1953ರ ನವೆಂಬರಿನಲ್ಲಿ ಹಂಗೇರಿ ತಂಡ ಇಂಗ್ಲೆಂಡನ್ನು ಅದರದೇ ವೆಂಬ್ಲಿ ಕ್ರೀಡಾಂಗಣದಲ್ಲಿ 6-3ರಿಂದ ಸೋಲಿಸಿತು. ಅಲ್ಲಿ ಹಂಗೇರಿಯ ಸೆಂಟರ್ ಫಾರ್ವರ್ಡ್ ಎಲ್ಲರಿಗಿಂತ ಮುಂದೆ ನಿಲ್ಲದೆ ಹಿಂದೆ ಸರಿದು ಆಡಿದ. ಅವನನ್ನು ಹಿಡಿಯಬೇಕಾದ ಇಂಗ್ಲೆಂಡಿನ ರಕ್ಷಕನಿಗೆ ಹೋಗಲೋ ನಿಲ್ಲಲೋ ತಿಳಿಯಲಿಲ್ಲ. ಇಂಥ ಹೊಸ ವಿನ್ಯಾಸಗಳನ್ನು ನಮ್ಮ ದೇಶದಲ್ಲಿ ಬೇಗನೆ ಗುರುತಿಸಿ ಅಳವಡಿಸಿದವರಲ್ಲಿ ರಹೀಂ ಮೊದಲಿಗರೆಂದು ಆಟದ ಚರಿತ್ರೆ ಬರೆದವರು ಹೇಳುತ್ತಾರೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಬೀದರ್, ಕಲಬುರಗಿ, ರಾಯಚೂರು ನಮ್ಮ ಮೈಸೂರು ರಾಜ್ಯಕ್ಕೆ ಬಂದವು. ಅದೇ ತಿಂಗಳು ಮೆಲ್ಬರ್ನಿನಲ್ಲಿ ಒಲಿಂಪಿಕ್ಸ್ ಶುರುವಾಯಿತು. ಭಾರತ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಗೋವಾದ ಕಥೋಲಿಕ ಮನೆತನದಿಂದ ಬಂದು ಮುಂಬಯಿಯಲ್ಲಿ ಆಡುತ್ತಿದ್ದ ನೆವಿಲ್ ಡಿಸೋಜ ಇದ್ದರು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯಾದ ವಿರುದ್ಧ ಪಂದ್ಯ. ನೆವಿಲ್ 9ನೇ ನಿಮಿಷದಲ್ಲಿ ಗೋಲು ಹೊಡೆದರು, ಆಸ್ಟ್ರೇಲಿಯಾ ಸರಿದೂಗಿಸಿತು. 33ನೇ ನಿಮಿಷದಲ್ಲಿ ಮತ್ತೆ ನೆವಿಲ್. ವಿರಾಮಕ್ಕೆ ನಾಲ್ಕು ನಿಮಿಷ ಇರುವಾಗ ಮತ್ತೆ ಆಸ್ಟ್ರೇಲಿಯಾ. ಅರ್ಧ ವಿರಾಮಕ್ಕೆ 2-2.

ಎರಡು ಸಲ ಮುಂದೆ ಹೋಗಿ ಎರಡು ಸಲವೂ ಕೈಬಿಟ್ಟ ತಂಡದ ಮನಸ್ಸು ಹೇಗಿರುತ್ತದೆಂದು ಯೋಚಿಸಿ. ಬೈಯುವುದಕ್ಕೆ ತಕ್ಕ ಹೊತ್ತು ಅದು, ಬೈದರೆ ಕೆಡುವ ಹೊತ್ತೂ ಅದೇ. ವಿರಾಮ ಮುಗಿಸಿ ಬಂದ ಐದನೇ ನಿಮಿಷದಲ್ಲಿ ನೆವಿಲ್ ಮೂರನೆಯ ಗೋಲು ಹೊಡೆದರು. ಒಲಿಂಪಿಕ್ ಫುಟ್ಬಾಲಿನಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದ ಏಷ್ಯಾದ ಮೊದಲ ಆಟಗಾರ ಅವರೇ. 80ನೇ ನಿಮಿಷದಲ್ಲಿ ಕಿಟ್ಟು ನಾಲ್ಕನೆಯದನ್ನು ಸೇರಿಸಿದರು. ಎರಡನೆಯ ಅರ್ಧದಲ್ಲಿ ಆಸ್ಟ್ರೇಲಿಯಾಕ್ಕೆ ಒಂದೂ ಗೋಲು ಸಿಗಲಿಲ್ಲ. 4-2.

ಇದನ್ನು ಕೇಳಿ, ಅರ್ಧ ವಿರಾಮದಲ್ಲಿ ಮಂತ್ರ ಹಾಕಿದರೆ ಎಲ್ಲವೂ ಸರಿಹೋಗುತ್ತದೆಂದು ಯಾರೂ ತಿಳಿಯಬಾರದು. ಮೂರು ದಿನಗಳ ನಂತರ ಸೆಮಿಫೈನಲ್. ಎದುರಾಳಿ ಅದೇ ಯುಗೊಸ್ಲಾವಿಯ, ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ಹೊಡೆದಿದ್ದ ದೇಶ. ಅರ್ಧ ವಿರಾಮಕ್ಕೆ ಎರಡೂ ಕಡೆ ಗೋಲಿಲ್ಲ. 52ನೇ ನಿಮಿಷದಲ್ಲಿ ನೆವಿಲ್ ಗೋಲು ಹೊಡೆದಾಗ ಭಾರತ ಒಲಿಂಪಿಕ್ಸ್ ಫೈನಲ್‌ನ ಬಾಗಿಲಲ್ಲಿ ನಿಂತಿತ್ತು. ಎರಡೇ ನಿಮಿಷದಲ್ಲಿ ಯುಗೊಸ್ಲಾವಿಯ ಸರಿಮಾಡಿತು. 57ರಲ್ಲಿ ಎರಡನೆಯದು, 65ರಲ್ಲಿ ಮೂರನೆಯದು. ಕೊನೆಗೆ ನಮ್ಮವರ ಕಾಲಿನಿಂದಲೇ ನಮ್ಮ ಗೋಲಿಗೆ ಒಂದು ಹೋಯಿತು. 1-4. ಎದುರು ತಂಡಕ್ಕೂ ಅರ್ಧ ವಿರಾಮವಿರುತ್ತದೆ, ಅವರಲ್ಲೂ ಕಣ್ಣಿರುವ ತರಬೇತುದಾರನಿರುತ್ತಾನೆ. ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯ 3-0ರಿಂದ ಗೆದ್ದಿತು. ಭಾರತಕ್ಕೆ ನಾಲ್ಕನೆಯ ಸ್ಥಾನ. ಒಲಿಂಪಿಕ್ಸ್‌ನಲ್ಲಿ ನಮ್ಮ ಫುಟ್ಬಾಲ್ ಏರಿದ ಅತಿ ಎತ್ತರದ ಮೆಟ್ಟಿಲು ಅದೇ.

ಸಂತ ತೋಮಸ್ ಅಕ್ವಿನಾಸರು ವಿವೇಕ ಎಂಬ ಸದ್ಗುಣವನ್ನು ವಿವರಿಸುವಾಗ ಅದಕ್ಕೆ ಎಂಟು ಅಂಗಗಳನ್ನು ಹೇಳುತ್ತಾರೆ. ನೆನಪು, ಗ್ರಹಿಕೆ, ಮುಂದಾಲೋಚನೆ ಮುಂತಾದವು. ಗುರುಮಠದಲ್ಲಿ ಅದನ್ನು ಬಾಯಿಪಾಠ ಮಾಡುವಾಗ ಎರಡು ಅಂಗಗಳು ಒಂದಕ್ಕೊಂದು ವಿರುದ್ಧವೆಂದು ನಮಗೆ ತೋರುತ್ತಿತ್ತು. ಒಂದು, ಇತರರಿಂದ ಕಲಿಯುವ ವಿನಯ. ಇನ್ನೊಂದು, ಅನಿರೀಕ್ಷಿತ ಎದುರಾದಾಗ ಥಟ್ಟನೆ ಸರಿಯಾದುದನ್ನು ಕಂಡುಕೊಳ್ಳುವ ಚುರುಕು. ನಿಧಾನವಾಗಿ ಕಲಿಯುವವನು ಥಟ್ಟನೆ ನಿರ್ಧರಿಸುವುದು ಹೇಗೆ? ರಹೀಂ ಸಾಹೇಬರ ಜೀವನವನ್ನು ನೋಡಿದರೆ ಆ ಸಂಶಯ ಉಳಿಯುವುದಿಲ್ಲ. ಹತ್ತು ಗೋಲಿನ ಸೋಲಿನಿಂದಲೂ ಹಂಗೇರಿಯವರ ಆಟದಿಂದಲೂ ವಿನಯದಿಂದ ಕಲಿತವರಾದ್ದರಿಂದಲೇ ಅವರಿಗೆ ಐದು ನಿಮಿಷ ಸಾಕಾಗುತ್ತಿತ್ತು.

ಇನ್ನು ಜಕಾರ್ತ. 1962ರ ಆಗಸ್ಟ್ ತಿಂಗಳ ಕೊನೆ. ಭಾರತ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತು. ಬಳಿಕ ಥಾಯ್ಲೆಂಡನ್ನೂ ಜಪಾನನ್ನೂ ಸೋಲಿಸಿ ಸೆಮಿಫೈನಲ್ ತಲುಪಿತಾದರೂ ಥಾಯ್ಲೆಂಡ್ ವಿರುದ್ಧದ ಆಟದಲ್ಲಿ ತಂಡದ ಬೆನ್ನೆಲುಬಾದ ರಕ್ಷಕ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ರಕ್ಷಣೆಯ ನಡುವೆ ನಿಲ್ಲುವವನು ಎತ್ತರದಿಂದ ಬರುವ ಚೆಂಡಿಗೆಲ್ಲ ತಲೆ ಕೊಡಬೇಕು. ಕಟ್ಟು ಕಟ್ಟಿದ ತಲೆಯಲ್ಲಿ ಅದಾಗುವ ಕೆಲಸವಲ್ಲ. ಬೇರೆ ಯಾರಾದರೂ ಜರ್ನೈಲರಿಗೆ ವಿಶ್ರಾಂತಿ ಹೇಳಿ ಕೂರಿಸುತ್ತಿದ್ದರು. ರಹೀಂ ಅವರನ್ನು ಸೆಮಿಫೈನಲ್‌ನಲ್ಲಿ ಸೆಂಟರ್ ಫಾರ್ವರ್ಡ್ ಜಾಗಕ್ಕೆ, ಎಲ್ಲರಿಗಿಂತ ಮುಂದಕ್ಕೆ ಕಳುಹಿಸಿದರು. ಹಿಂದೆ ಅವರ ಜಾಗವನ್ನು ಅರುಣ್ ಘೋಷ್ ತುಂಬಿದರು. ದಕ್ಷಿಣ ವಿಯೆಟ್ನಾಂ ಎದುರು ಭಾರತ 3-2ರಿಂದ ಗೆದ್ದಿತು. ಚುನಿ ಗೋಸ್ವಾಮಿ ಎರಡು, ಜರ್ನೈಲ್ ಒಂದು.

ಗಾಯಗೊಂಡವನನ್ನು ಹೊರಗೆ ಕೂರಿಸದೆ ಅವನ ಗಾಯಕ್ಕೆ ಹೊಂದುವ ಇನ್ನೊಂದು ಜಾಗ ಹುಡುಕುವುದು: ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನಮ್ಮ ಧರ್ಮಕೇಂದ್ರಗಳಲ್ಲಿ, ಮನೆಗಳಲ್ಲಿ ಈ ಕೆಲಸ ಎಷ್ಟು ಕಷ್ಟವೆಂದು ಬಲ್ಲೆ. ಕುಡಿತ ಬಿಟ್ಟು ಶಿಬಿರದಿಂದ ಮನೆಗೆ ಬಂದ ಗಂಡನನ್ನು ನೆನೆಯಿರಿ. ಹೆಂಡತಿ ಅವನ ಕೈಗೆ ಕಬ್ಬಿನ ಹಣ ಕೊಡಲಾರಳು; ಕೊಡದಿರುವುದೇ ಸರಿ. ಹಾಗೆಂದು ಅವನನ್ನು ಜಗುಲಿಯ ಮೇಲೆ ಕೂರಿಸಿ, ಮಕ್ಕಳ ಮುಂದೆ ಯಾವ ಮಾತಿಗೂ ಕರೆಯದೆ, ಇದ್ದೂ ಇಲ್ಲದವನಂತೆ ಮಾಡಿದರೆ ಅವನು ಮತ್ತೆ ಅಂಗಡಿಯ ದಾರಿ ಹಿಡಿಯುವುದು ಎಷ್ಟು ದಿನದ ಮಾತು? ಹಣದ ಜಾಗದಿಂದ ಅವನನ್ನು ತೆಗೆದಿದ್ದೀರಿ, ಒಳ್ಳೆಯದು. ಈಗ ಯಾವ ಜಾಗಕ್ಕೆ ಕಳುಹಿಸುತ್ತೀರಿ? ಮಗಳನ್ನು ಸೈಕಲ್ಲಿನಲ್ಲಿ ಶಾಲೆಗೆ ಬಿಡುವುದೋ, ಸಂಜೆಯ ಜಪಸರವನ್ನು ಆರಂಭಿಸುವುದೋ, ಏನಾದರೂ ಒಂದು ಅವನದೆಂದು ಇರಬೇಕು. ಇದು ಹೆಂಡತಿಯೊಬ್ಬಳ ಹೆಗಲಿಗೆ ಹಾಕುವ ಹೊರೆಯೂ ಆಗಬಾರದು. ಅಂಥವರಿಗೆ ಕೆಲಸ ಹುಡುಕಿ ಕೊಡುವ ಹೊಣೆ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಗೂ ಇದೆ, ನನಗೂ ಇದೆ.

ಮಕ್ಕಳ ವಿಷಯವೂ ಅಷ್ಟೇ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಮನೆಗೆ ಬರುವ ಸಂಜೆ ಎಷ್ಟೋ ಮನೆಗಳಲ್ಲಿ ಊಟವಿರುವುದಿಲ್ಲ. ಪಕ್ಕದ ಮನೆಯ ಹುಡುಗನ ಅಂಕಗಳನ್ನು ತಂದು ಮಗನ ಮುಖಕ್ಕೆ ಹಿಡಿಯುತ್ತೇವೆ. ಪಕ್ಕದ ಮನೆಯ ಹುಡುಗನನ್ನು ಕರೆತಂದು ನಮ್ಮ ಮನೆಯಲ್ಲಿ ಆಡಿಸಲು ಸಾಧ್ಯವೇ? ದೇವರು ಕೊಟ್ಟ ಮಕ್ಕಳಿಗೆ ಬದಲಿ ಆಟಗಾರರಿಲ್ಲ. ಇನ್ನೂ ಅರ್ಧ ವರ್ಷ ಉಳಿದಿದೆ. ಲೆಕ್ಕದಲ್ಲಿ ಎಡವುತ್ತಿರುವುದು ಯಾವ ಪಾಠದಲ್ಲಿ, ಓದಲು ಕೂರುವ ಜಾಗದಲ್ಲಿ ಬೆಳಕಿದೆಯೇ, ಬೆಳಿಗ್ಗೆ ಹಾಲಿನ ಡೇರಿಗೆ ಕಳುಹಿಸುವುದರಿಂದ ಹೊತ್ತು ಸಾಲುತ್ತಿಲ್ಲವೇ ಎಂದು ಕೇಳಿ ಒಂದು ವಿಷಯವನ್ನು ಬದಲಿಸಿದರೆ ಅದು ತಂದೆತಾಯಿಯ ಹಾಫ್ ಟೈಮ್ ಕೆಲಸ. ಪ್ರಭು ಯೇಸು ಹೇಳಿದ ಅಂಜೂರದ ಮರದ ಸಾಮತಿಯಲ್ಲಿ ತೋಟಗಾರ ಮಾಡಿದ್ದೂ ಇದನ್ನೇ. ಮೂರು ವರ್ಷ ಫಲವಿಲ್ಲದ ಮರವನ್ನು ಕಡಿಯಲು ಯಜಮಾನ ಹೇಳಿದಾಗ ಅವನು ಬೇರೆ ಸಸಿ ತರುವ ಮಾತಾಡಲಿಲ್ಲ. ಅದೇ ಮರ, ಅದೇ ಜಾಗ; ಸುತ್ತ ಅಗೆದು ಗೊಬ್ಬರ ಹಾಕಲು ಇನ್ನೊಂದು ವರ್ಷ ಬೇಡಿದ. ಆ ವರ್ಷದ ಕೊನೆಗೆ ಮರ ಫಲ ಕೊಟ್ಟಿತೇ ಇಲ್ಲವೇ ಎಂಬುದನ್ನು ಸಂತ ಲೂಕರು ಬರೆದಿಲ್ಲ. ಲೊಯೋಲದ ಸಂತ ಇಗ್ನೇಷಿಯಸರು ಆತ್ಮಶೋಧನೆಯನ್ನು ರಾತ್ರಿಗೆ ಮಾತ್ರ ಬಿಡದೆ ಮಧ್ಯಾಹ್ನದ ಊಟದ ಹೊತ್ತಿಗೂ ಇಟ್ಟದ್ದು ಸುಮ್ಮನೆ ಅಲ್ಲ. ರಾತ್ರಿಯ ಶೋಧನೆಯಲ್ಲಿ ಕಳೆದ ದಿನಕ್ಕಾಗಿ ದುಃಖಿಸಬಹುದು. ಮಧ್ಯಾಹ್ನದ ಶೋಧನೆಯಲ್ಲಾದರೆ ಆ ದಿನದ ಅರ್ಧ ಇನ್ನೂ ಕೈಯಲ್ಲಿರುತ್ತದೆ.

ಜಕಾರ್ತದ ಫೈನಲ್ 1962ರ ಸೆಪ್ಟೆಂಬರ್ 4ರಂದು. ಎದುರಾಳಿ ಮತ್ತೆ ದಕ್ಷಿಣ ಕೊರಿಯಾ. ಆ ಕೂಟಕ್ಕೆ ಇಸ್ರೇಲ್ ಮತ್ತು ತೈವಾನ್ ದೇಶಗಳನ್ನು ಆತಿ­ಥೇಯರು ಸೇರಿಸದಿದ್ದುದನ್ನು ಭಾರತದ ಜಿ. ಡಿ. ಸೋಂಧಿ ಆಕ್ಷೇಪಿಸಿದ್ದರು. ಅದರಿಂದ ಊರಿನ ಜನ ಭಾರತೀಯರ ಮೇಲೆ ಕೆರಳಿದ್ದರು; ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿಯಾಗಿತ್ತು. ಸುಮಾರು ಒಂದು ಲಕ್ಷ ಪ್ರೇಕ್ಷಕರು ತುಂಬಿದ್ದ ಸೆನಾಯನ್ ಕ್ರೀಡಾಂಗಣದಲ್ಲಿ ಭಾರತದ ಪರ ಕೂಗುವವರಿರಲಿಲ್ಲ. ಪಾಕಿಸ್ತಾನದ ಹಾಕಿ ಆಟಗಾರರು ಮಾತ್ರ ನಮ್ಮ ಹುಡುಗರಿಗಾಗಿ ಕೂಗಿ ಹುರಿದುಂಬಿಸಿದರೆಂದು ತಂಡದವರು ಮುಂದೆ ನೆನೆಯುತ್ತಿದ್ದರು. ಅದಕ್ಕೂ ಹಿಂದಿನ ದಿನ ಹಾಕಿ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಭಾರತವನ್ನೇ!

ಮೊದಲ ಪಂದ್ಯದಲ್ಲಿ ತಮ್ಮನ್ನು ಸೋಲಿಸಿದ ಎದುರಾಳಿಯನ್ನು ರಹೀಂ ಈಗ ಬೇರೆ ಜೋಡಣೆಯಿಂದ ಎದುರಿಸಿದರು. ತಲೆಗೆ ಕಟ್ಟು ಕಟ್ಟಿಕೊಂಡ ಜರ್ನೈಲ್ ಮುಂದೆಯೇ ಉಳಿದರು. ಸೆಮಿಫೈನಲ್‌ನಲ್ಲಿ ಗೋಲು ಕಾದ ಪ್ರದ್ಯುತ್ ಬರ್ಮನ್ ಬದಲು ಎತ್ತರದ ಆಳು ಪೀಟರ್ ತಂಗರಾಜ್ ಬಂದರು. ನಡುವಿನ ಸಾಲಿನಲ್ಲಿ ಗೋವಾದ ಕೋಲ್ವಾಳೆಯ ಫೋರ್ಚುನಾಟೊ ಫ್ರಾಂಕೊ. ಸಿಖ್, ಮುಸಲ್ಮಾನ, ಹಿಂದೂ, ಕ್ರೈಸ್ತ ಹುಡುಗರೆಲ್ಲ ಕೂಡಿದ ತಂಡವದು. ಹಿಂದಿನ ರಾತ್ರಿ ಮೇಷ್ಟ್ರು ಆಟಗಾರರನ್ನು ಕೂಡಿಸಿಕೊಂಡು ತಮಗೊಂದು ಕಾಣಿಕೆ ಬೇಕೆಂದು, ಆ ಕಾಣಿಕೆ ನಾಳೆಯ ಚಿನ್ನವೆಂದು ಕೇಳಿಕೊಂಡರಂತೆ. 17ನೇ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ ಗೋಲು ಹೊಡೆದರು. 20ನೇ ನಿಮಿಷದಲ್ಲಿ ಜರ್ನೈಲ್ ಸಿಂಗ್! ರಕ್ಷಕನ ಜಾಗದಲ್ಲೇ ಇದ್ದಿದ್ದರೆ ಆ ಗೋಲಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಗಳಿಸಿದ್ದನ್ನು ಕಾಯುವ ಕೆಲಸ. 85ನೇ ನಿಮಿಷದಲ್ಲಿ ಕೊರಿಯಾ ಒಂದು ಗೋಲು ಹೊಡೆದು ಎಲ್ಲರ ಎದೆ ನಡುಗಿಸಿತು. ಪಂದ್ಯ 2-1ಕ್ಕೆ ಮುಗಿಯಿತು.

ಆಟಗಾರರು ಹಾಡಿ ಕುಣಿಯುತ್ತಿದ್ದಾಗ ಮೇಷ್ಟ್ರಿಗೆ 53 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಆಗಲೇ ಅವರ ದೇಹದೊಳಗೆ ಬೆಳೆಯುತ್ತಿತ್ತು.

ಅದೇ ಸೆಪ್ಟೆಂಬರಿನಲ್ಲಿ ರೋಮಿನಲ್ಲಿ ಜಗದ್ಗುರು 23ನೇ ಜಾನ್ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದನ್ನು ವೈದ್ಯರು ಪತ್ತೆ ಮಾಡಿದರು. 80 ವರ್ಷದ ಆ ಹಿರಿಯರು ಮಹಾಸಭೆಯನ್ನು ಮುಂದೂಡಲಿಲ್ಲ. ಅಕ್ಟೋಬರ್ 11ರಂದು ತಾವೇ ಆರಂಭಿಸಿದರು. ಎರಡು ಸಾವಿರ ವರ್ಷಗಳಿಂದ ನಡೆದು ಬಂದ ಧರ್ಮಸಭೆಯನ್ನು ಒಂದು ಗಳಿಗೆ ನಿಲ್ಲಿಸಿ, ಅದೇ ವಿಶ್ವಾಸ, ಅದೇ ಜನ, ಆದರೆ ಯಾರು ಎಲ್ಲಿ ನಿಲ್ಲಬೇಕೆಂದು ಮತ್ತೆ ನೋಡುವ ಕೆಲಸವದು. ಬಲಿಪೀಠದ ಸುತ್ತ ಮೌನವಾಗಿ ನೋಡುತ್ತಿದ್ದ ವಿಶ್ವಾಸಿಗಳು ಇಂದು ಕನ್ನಡದಲ್ಲಿ ವಾಚನ ಓದುತ್ತಿರುವುದು, ಪರಮಪ್ರಸಾದ ಹಂಚಲು ನೆರವಾಗುತ್ತಿರುವುದು ಆ ಮಹಾಸಭೆಯ ಫಲ. ಅದರ ಕೊನೆಯನ್ನು ಕಾಣಲು ಅವರು ಉಳಿಯಲಿಲ್ಲ. 1963ರ ಜೂನ್ 3ರಂದು ಪ್ರಭುವಿನಲ್ಲಿ ನಿದ್ರಿಸಿದರು.

ಎಂಟು ದಿನಗಳ ನಂತರ, ಜೂನ್ 11ರಂದು, ಹೈದರಾಬಾದಿನಲ್ಲಿ ರಹೀಂ ಸಾಹೇಬರು ತೀರಿಕೊಂಡರು. ಜಕಾರ್ತದಿಂದ ಬಂದು ಒಂಬತ್ತು ತಿಂಗಳು ಕಳೆದಿತ್ತು. ಅವರ ಮಗ ಸೈಯದ್ ಶಾಹಿದ್ ಹಕೀಂ 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿದ್ದರು. ಮುಂದೆ ರೆಫರಿಯಾಗಿ, ತರಬೇತುದಾರರಾಗಿ ದುಡಿದು 2021ರಲ್ಲಿ ನಿಧನರಾದರು. ತಂದೆ ಹೋದ ಮೇಲೆ, 2023ರ ಹಾಂಗ್‌ಝೌ ಕೂಟದವರೆಗೂ ಏಷ್ಯಾ ಕ್ರೀಡಾಕೂಟದ ಫುಟ್ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ. ಜರ್ನೈಲ್ ಸಿಂಗ್ ಊರಿಗೆ ಮರಳಿ ಮತ್ತೆ ರಕ್ಷಕರಾಗಿಯೇ ಆಡಿದರು.